ಎಡಗಾಲಿಗೂ ಪಾಠ ಹೇಳಿದ ಗುರು: ಸಯ್ಯದ್ ಅಬ್ದುಲ್ ರಹೀಮ್

ಹೈದರಾಬಾದಿನ ಮೈದಾನಗಳಲ್ಲಿ ಹಿಂದೆ ಎಳೆಯರಿಗಾಗಿ ವಿಚಿತ್ರವಾದ ಫುಟ್ಬಾಲ್ ಪಂದ್ಯಾವಳಿಗಳು ನಡೆಯುತ್ತಿದ್ದವು. ಒಂದರಲ್ಲಿ ಆಟಗಾರನು ತನ್ನ ದುರ್ಬಲವಾದ ಕಾಲಿನಿಂದ ಮಾತ್ರವೇ ಚೆಂಡನ್ನು ಒದೆಯಬೇಕು. ಬಲಗಾಲಿನ ರೂಢಿಯವನಿಗೆ ಎಡಗಾಲೇ ಗತಿ. ಇನ್ನೊಂದರಲ್ಲಿ ಚೆಂಡನ್ನು ಒಬ್ಬನೇ ಕಾಲಲ್ಲಿ ಆಡಿಸುತ್ತ ಮುಂದೊಯ್ಯುವಂತಿಲ್ಲ. ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ನೋಡುವವರಿಗೆ ಮೋಜೆನಿಸುವ ಈ ನಿಯಮಗಳ ಹಿಂದೆ ಒಬ್ಬ ಶಾಲಾ ಶಿಕ್ಷಕರ ದೀರ್ಘಾಲೋಚನೆಯಿತ್ತು. ಅವರೇ ಸಯ್ಯದ್ ಅಬ್ದುಲ್ ರಹೀಮ್. ಅಭಿಮಾನಿಗಳ ಪಾಲಿಗೆ ರಹೀಮ್ ಸಾಹೇಬರು.

ರಹೀಮರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಕಲಬುರಗಿ, ರಾಯಚೂರು, ಬೀದರಗಳಿಗೂ ಆಗ ಅದೇ ರಾಜಧಾನಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಅವರು ಒಳ್ಳೆಯ ಆಟಗಾರರೆನಿಸಿದರು. ಪದವಿಯ ತರುವಾಯ ನಗರದ ಶಾಲೆಗಳಲ್ಲಿ ಶಿಕ್ಷಕ ವೃತ್ತಿಯನ್ನು ಕೈಕೊಂಡರು. ದೈಹಿಕ ಶಿಕ್ಷಣದಲ್ಲಿಯೂ ತರಬೇತಿ ಪಡೆದರು. 1940ರ ದಶಕದಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯ ಹೊಣೆಯೂ ಅವರ ಹೆಗಲೇರಿತು. ಮುಂದೆ ಅವರು ಎಷ್ಟೇ ದೊಡ್ಡ ಮೈದಾನಗಳನ್ನು ಕಂಡರೂ ಶಿಷ್ಯನನ್ನು ನೋಡುವ ಅವರ ಕಣ್ಣು ಶಿಕ್ಷಕನದಾಗಿಯೇ ಉಳಿಯಿತು.

ಅವರ ಮಾರ್ಗದರ್ಶನದಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಕಲ್ಕತ್ತೆಯನ್ನೇ ಫುಟ್ಬಾಲಿನ ತವರೆಂದು ನಂಬಿದ್ದ ದೇಶವು ದಕ್ಷಿಣದತ್ತ ತಿರುಗಿ ನೋಡಿತು. ರಾಷ್ಟ್ರೀಯ ತಂಡದ ಹೊಣೆಯೂ ಅವರಿಗೆ ಬಂದಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಇರಾನನ್ನು 1-0ಯಿಂದ ಮಣಿಸಿ ಚಿನ್ನದ ಪದಕವನ್ನು ಪಡೆಯಿತು.

ಮರುವರ್ಷವೇ ಕಹಿ ಅನುಭವ ಕಾದಿತ್ತು. ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಸೋಲಿಸಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಆ ಚಳಿಯಲ್ಲಿ ಬರಿಗಾಲಿನಲ್ಲಿ ಆಡಿದ್ದರು. ಇಂಥ ಸೋಲು ಒಬ್ಬ ತರಬೇತುದಾರನ ಕಥೆಯನ್ನೇ ಮುಗಿಸಬಹುದಿತ್ತು. ರಹೀಮರು ಅದನ್ನು ಕಲಿಕೆಯ ಪಾಠವಾಗಿಸಿಕೊಂಡರು. ಬರಿಗಾಲಿನ ಕಾಲ ಮುಗಿದು ಬೂಟು ಕಡ್ಡಾಯವಾಯಿತು. ಹಂಗೇರಿಯಂತಹ ತಂಡಗಳ ಆಟದ ರೀತಿಯನ್ನು ಅವರು ಅಭ್ಯಾಸ ಮಾಡಿ ತಮ್ಮ ತಂಡದ ವ್ಯೂಹವನ್ನು ಹೊಸದಾಗಿ ಕಟ್ಟಿದರು.

ಅದರ ಫಲ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಕಂಡಿತು. ಭಾರತವು ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ಗೋವಾ ಮೂಲದ ನೆವಿಲ್ ಡಿಸೋಜಾ ಮೂರು ಗೋಲುಗಳನ್ನು ಹೊಡೆದರು. ಅಂದಿನ ಮೈಸೂರು ರಾಜ್ಯದ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಒಲಿಂಪಿಕ್ ಫುಟ್ಬಾಲಿನ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡವೆಂಬ ಹೆಸರು ಭಾರತದ ಪಾಲಾಯಿತು. ಕೊನೆಗೆ ದೊರೆತುದು ನಾಲ್ಕನೆಯ ಸ್ಥಾನ.

ರಹೀಮರ ನಾಯಕತ್ವದ ನಿಜವಾದ ಪರೀಕ್ಷೆ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ಆ ವೇಳೆಗೆ ಕ್ಯಾನ್ಸರ್ ಅವರ ದೇಹವನ್ನು ಹೊಕ್ಕಿತ್ತು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ ಎದುರು 0-2ರ ಸೋಲು. ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ರಕ್ಷಣಾ ವಿಭಾಗದ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಅಂಥವರನ್ನು ಮತ್ತೆ ರಕ್ಷಣೆಗೆ ನಿಲ್ಲಿಸುವುದು ಅಪಾಯ. ಹೊರಗೆ ಕೂರಿಸುವುದು ನಷ್ಟ. ಜರ್ನೈಲ್ ಎಳೆಯ ವಯಸ್ಸಿನಲ್ಲಿ ಮುಂಚೂಣಿಯಲ್ಲಿ ಆಡಿದವರೆಂಬುದು ರಹೀಮರಿಗೆ ತಿಳಿದಿತ್ತು. ಅವರನ್ನು ಗೋಲು ಹೊಡೆಯುವ ಸ್ಥಾನಕ್ಕೆ ಕಳುಹಿಸಿದರು. ದಕ್ಷಿಣ ವಿಯೆಟ್ನಾಮ್ ಎದುರಿನ ಸೆಮಿಫೈನಲ್ಲಿನಲ್ಲಿ ಜರ್ನೈಲ್ ಒಂದು ಗೋಲು ಗಳಿಸಿದರು.

ಆಗ ಜಕಾರ್ತಾದಲ್ಲಿ ಭಾರತದ ವಿರುದ್ಧ ಆಕ್ರೋಶ ಹೊತ್ತಿ ಉರಿಯುತ್ತಿತ್ತು. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಕೂಟದಿಂದ ದೂರವಿಟ್ಟುದನ್ನು ಭಾರತೀಯ ಕ್ರೀಡಾಧಿಕಾರಿ ಜಿ. ಡಿ. ಸೋಂಧಿ ಅವರು ಆಕ್ಷೇಪಿಸಿದ್ದೇ ಅದಕ್ಕೆ ಕಾರಣ. ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿಯೂ ನಡೆಯಿತು. ಅಂತಿಮ ಪಂದ್ಯದ ಹಿಂದಿನ ರಾತ್ರಿ ರಹೀಮರು ಶಿಷ್ಯರನ್ನು ಕೂಡಿಸಿಕೊಂಡು, ತಮಗೆ ಕಾಣಿಕೆಯಾಗಿ ಆ ಚಿನ್ನದ ಪದಕವೊಂದನ್ನು ಬೇಡಿದರೆಂದು ಆಟಗಾರರು ನೆನೆದಿದ್ದಾರೆ. ಸೆಪ್ಟೆಂಬರ್ 4ರಂದು ಕಿಕ್ಕಿರಿದ ಕ್ರೀಡಾಂಗಣದ ಜನಸ್ತೋಮವು ಕೂಗಿ ಅಣಕಿಸುತ್ತಿರಲು, ಅದೇ ದಕ್ಷಿಣ ಕೊರಿಯಾವನ್ನು ಭಾರತ 2-1ರಿಂದ ಗೆದ್ದಿತು. ಒಂದು ಗೋಲು ಪಿ. ಕೆ. ಬ್ಯಾನರ್ಜಿಯವರದು, ಇನ್ನೊಂದು, ತಲೆಯ ಗಾಯ ಇನ್ನೂ ಮಾಯದಿದ್ದ ಜರ್ನೈಲರದು.

ಗುರುವಿಗೆ ಕಾಣಿಕೆ ಸಂದಿತು. ಅದನ್ನು ಅನುಭವಿಸುವ ಆಯುಷ್ಯ ಮಾತ್ರ ಉಳಿದಿರಲಿಲ್ಲ. 1963ರ ಜೂನ್ 11ರಂದು ರಹೀಮರು ಕಣ್ಮುಚ್ಚಿದರು. ಏಷ್ಯನ್ ಕ್ರೀಡಾಕೂಟದ ಫುಟ್ಬಾಲ್ ಚಿನ್ನ ಆ ಬಳಿಕ ಭಾರತಕ್ಕೆ ಮರಳಿ ಬಂದಿಲ್ಲ. ಗುರುವೊಬ್ಬನು ಕಟ್ಟಿದ್ದನ್ನು ವ್ಯವಸ್ಥೆಯೂ ಮುಂದುವರಿಸದಿದ್ದರೆ ಏನಾಗುವುದೆಂಬುದಕ್ಕೆ ಇದು ನೋವಿನ ನಿದರ್ಶನ. ಆದರೂ ಬ್ಯಾನರ್ಜಿಯವರಂತಹ ಶಿಷ್ಯರು ಮುಂದೆ ತರಬೇತುದಾರರಾಗಿ ಅವರ ಹಾದಿಯನ್ನು ಹಿಡಿದರು.

ಗೆಲ್ಲುವ ಕಾಲನ್ನು ಹೊಗಳುವವರು ಬಹಳ ಮಂದಿ. ಸೋಲುವ ಕಾಲಿಗೆ ಅಭ್ಯಾಸದ ಅವಕಾಶ ಒದಗಿಸುವವನು ನಾಯಕ. ಶಿಷ್ಯನೇ ಮರೆತ ಶಕ್ತಿಯನ್ನು ನೆನಪಿಟ್ಟುಕೊಂಡು ಆಪತ್ತಿನಲ್ಲಿ ಹೊರತೆಗೆಯುವವನು ಗುರು. ಮರಾಠಿ ಹಾಗೂ ಕನ್ನಡ ಎರಡರಲ್ಲಿಯೂ ಓದಿ ಬೆಳೆದ ನನಗೆ ರಹೀಮರ ಆ ವಿಚಿತ್ರ ಪಂದ್ಯಾವಳಿ ಮತ್ತೆ ಮತ್ತೆ ನೆನಪಾಗುತ್ತದೆ. ಗಡಿಯಲ್ಲಿ ಬಾಳುವ ನಮಗೆ ಎರಡು ಭಾಷೆಗಳು ಎರಡು ಕಾಲುಗಳಿದ್ದಂತೆ. ನಿಮ್ಮಲ್ಲಿ ಕೆಲವರಿಗೆ ಕನ್ನಡ ಬಲಗಾಲು, ಕೆಲವರಿಗೆ ಎಡಗಾಲು. ಎಡಗಾಲಾಗಿದ್ದರೆ ನಾಚಿಕೊಳ್ಳಬೇಕಾಗಿಲ್ಲ. ದಿನವೂ ಅದರಿಂದಲೇ ಸ್ವಲ್ಪ ಹೊತ್ತು ಆಡಿರಿ.