ಗಲ್ಲಾ ಎಣಿಸಿದ ಮೇಲೆ ತನ್ನ ಲೆಕ್ಕವನ್ನೂ ನೋಡುತ್ತಿದ್ದ ಮುದ್ರಕ

ರಾತ್ರಿ ಶಟರ್ ಎಳೆಯುವ ಮುಂಚೆ ಗಲ್ಲಾ ಎಣಿಸದೆ ಮನೆಗೆ ಹೋಗುವ ವ್ಯಾಪಾರಿ ನಮ್ಮ ತಾಲ್ಲೂಕಿನಲ್ಲಿ ಸಿಗುವುದು ಕಷ್ಟ. ಬಂದದ್ದೆಷ್ಟು, ಹೋದದ್ದೆಷ್ಟು, ಯಾರ ಉದ್ರಿ ಎಷ್ಟು ಅಂತ ಕೂಡಿ ಕಳೆದು, ಹತ್ತು ರೂಪಾಯಿ ತಾಳೆ ಆಗದಿದ್ದರೂ ನಿದ್ದೆ ಬರಲ್ಲ. ಆದರೆ ಬೆಳಿಗ್ಗೆ ಗಿರಾಕಿ ಮೇಲೆ ಸುಮ್ಮನೆ ರೇಗಿದ್ದು, ಇವತ್ತು ಕೊಡ್ತೀನಿ ಅಂದ ಮಾಲು ಕೊಡದೇ ಹೋದದ್ದು, ಕೆಲಸದ ಹುಡುಗನ ಸಂಬಳ ನಾಳೆಗೆ ತಳ್ಳಿದ್ದು, ಇವೆಲ್ಲ ಯಾವ ಪುಸ್ತಕಕ್ಕೂ ಏರುವುದಿಲ್ಲ.

ಸುಮಾರು ಮುನ್ನೂರು ವರ್ಷದ ಹಿಂದೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಬ್ಬ ಅಂಗಡಿಕಾರ ಇದಕ್ಕೂ ಒಂದು ಪುಸ್ತಕ ಇಟ್ಟಿದ್ದ. ಹೆಸರು ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟ ಹಾರಿಸಿ ಮಿಂಚಿನ ಗುಟ್ಟು ಹುಡುಕಿದವನು ಅಂತ ಶಾಲೆಯಲ್ಲಿ ಓದಿರ್ತೀವಿ. ನೂರು ಡಾಲರ್ ನೋಟಿನ ಮೇಲಿರೋ ಮುಖವೂ ಆತನದ್ದೇ. ಅದೆಲ್ಲ ಆಮೇಲಿನ ಮಾತು. ಮೊದಲು ಆತ ಒಬ್ಬ ಮುದ್ರಕ, ಅಂಗಡಿ ಇಟ್ಟುಕೊಂಡಿದ್ದವನು.

ಹುಟ್ಟಿದ್ದು 1706ರ ಜನವರಿ 17ರಂದು, ಬೋಸ್ಟನ್‌ನಲ್ಲಿ. ಅಪ್ಪ ಮೇಣದಬತ್ತಿ, ಸೋಪು ತಯಾರಿಸುವವನು. ಹದಿನೇಳು ಮಕ್ಕಳ ಮನೆ. ಹತ್ತನೇ ವಯಸ್ಸಿಗೇ ಶಾಲೆ ಮುಗೀತು. ಹನ್ನೆರಡಕ್ಕೆ ಅಣ್ಣ ಜೇಮ್ಸ್‌ನ ಛಾಪಖಾನೆಗೆ ಕೆಲಸ ಕಲಿಯಲು ಸೇರಿಸಿದರು. ಇಪ್ಪತ್ತೊಂದು ತುಂಬುವವರೆಗೆ ದುಡಿಯಬೇಕು ಅಂತ ಕರಾರು. ಅಣ್ಣ ಹೊಡೆಯುತ್ತಿದ್ದ. ಅಷ್ಟರಲ್ಲಿ ಪತ್ರಿಕೆಯ ಬರಹಕ್ಕಾಗಿ ಅಣ್ಣನ ಮೇಲೆ ಸರ್ಕಾರ ತಿರುಗಿಬಿತ್ತು. ಪತ್ರಿಕೆ ನಿಲ್ಲಬಾರದೆಂದು ತಮ್ಮನ ಹೆಸರಿಗೆ ಮಾಡಿದರು. ತೋರಿಕೆಗೆ ಹಳೇ ಕರಾರು ರದ್ದು, ಒಳಗೊಳಗೆ ಹೊಸ ಗುಪ್ತ ಕರಾರು. ಗುಪ್ತ ಕಾಗದವನ್ನು ಅಣ್ಣ ಹೊರಗೆ ತೋರಿಸುವ ಹಾಗಿಲ್ಲ ಅನ್ನೋದು ತಮ್ಮನಿಗೆ ಗೊತ್ತಿತ್ತು. ಅದನ್ನೇ ಬಳಸಿಕೊಂಡು 1723ರಲ್ಲಿ, ಹದಿನೇಳರ ಹುಡುಗ ಊರು ಬಿಟ್ಟು ಓಡಿದ.

ಪೆಟ್ಟು ತಿಂದವನು ಓಡಿದರೆ ತಪ್ಪೇನು ಅಂತ ನಮಗನಿಸುತ್ತದೆ. ಮುಂದೆ ತನ್ನ ಬದುಕಿನ ಕಥೆ ಬರೆಯುವಾಗ ಫ್ರಾಂಕ್ಲಿನ್ ಮಾತ್ರ ಇದನ್ನೇ ತನ್ನ ಮೊದಲ ತಪ್ಪುಗಳಲ್ಲಿ ಸೇರಿಸಿದ. ತಪ್ಪಿಗೆ ಆತ ಬಳಸಿದ ಪದವೂ ಮುದ್ರಕರದ್ದೇ. ಪುಸ್ತಕದ ಕೊನೆಯಲ್ಲಿ ತಪ್ಪು-ಒಪ್ಪು ಪಟ್ಟಿ ಅಂತ ಹಾಕ್ತಾರಲ್ಲ, ಆ ಅರ್ಥದ ಪದ. ಮೊಳೆ ಜೋಡಿಸುವವನಿಗೆ ಅಕ್ಷರ ತಪ್ಪುವುದು ಹೊಸದಲ್ಲ. ಕಂಡಾಗ ಗುರುತು ಹಾಕಬೇಕು, ಮುಂದಿನ ಅಚ್ಚಿನಲ್ಲಿ ತಿದ್ದಬೇಕು.

ಎರಡನೇ ತಪ್ಪು ಹಣದ್ದು. ವರ್ನನ್ ಎಂಬಾತ ತನಗೆ ಬರಬೇಕಿದ್ದ ಸುಮಾರು 35 ಪೌಂಡ್ ವಸೂಲಿ ಮಾಡಿ ಇಟ್ಟುಕೊಂಡಿರು ಎಂದಿದ್ದ. ಕುಡಿತಕ್ಕೆ ಬಿದ್ದ ಗೆಳೆಯನಿಗೆ ಸಾಲ ಕೊಡುತ್ತಾ ಕೊಡುತ್ತಾ ಆ ದುಡ್ಡು ಕರಗಿತು. ಗೆಳೆಯ ಬಾರ್ಬಡೋಸ್‌ಗೆ ಹೋದವನು ಕಾಸೂ ತಿರುಗಿಸಲಿಲ್ಲ. ವರ್ನನ್ ಯಾವಾಗ ಕೇಳುತ್ತಾನೋ ಎಂಬ ಭಯದಲ್ಲೇ ವರ್ಷಗಳು ಹೋದವು. ಮೂರನೆಯದು ಡೆಬೊರಾ ರೀಡ್ ಎಂಬ ಹುಡುಗಿಗೆ ಮಾತು ಕೊಟ್ಟು 1724ರಲ್ಲಿ ಲಂಡನ್ನಿಗೆ ಹೋದದ್ದು. ಅಲ್ಲಿಂದ ಬರೆದದ್ದು ಒಂದೇ ಒಂದು ಕಾಗದ, ಅದೂ ಬೇಗ ಬರುವುದಿಲ್ಲ ಅಂತ. ಆಕೆ ಬೇರೆ ಮದುವೆಯಾದಳು, ಗಂಡ ಬಿಟ್ಟುಹೋದ.

1726ರಲ್ಲಿ ವಾಪಸ್ ಬಂದು, 1728ರಲ್ಲಿ ಪಾಲುದಾರಿಕೆಯಲ್ಲಿ ಸ್ವಂತ ಛಾಪಖಾನೆ ತೆರೆದ. ಸಾಲದ ಅಂಗಡಿ. ಕಾಗದದ ಹೊರೆಯನ್ನು ಕೈಗಾಡಿಯಲ್ಲಿ ತಾನೇ ತಳ್ಳಿಕೊಂಡು ಬೀದಿಯಲ್ಲಿ ಬರುತ್ತಿದ್ದ. ದುಡಿಯುವವನು ಅಂತ ಊರಿಗೆ ಕಾಣಲಿ ಎಂಬ ಲೆಕ್ಕವೂ ಅದರಲ್ಲಿತ್ತು, ಅದನ್ನೂ ಮುಚ್ಚಿಡಲಿಲ್ಲ. ಶುಕ್ರವಾರ ಸಂಜೆ ಗೆಳೆಯರ ಕೂಟ ನಡೆಸುತ್ತಿದ್ದ. ಊರಲ್ಲಿ ಯಾರ ವ್ಯಾಪಾರ ಮುಳುಗಿತು, ಯಾಕೆ ಮುಳುಗಿತು, ಯಾರದ್ದು ಏಳಿಗೆಯಾಯಿತು, ಹೇಗಾಯಿತು ಎಂಬುದೂ ಅಲ್ಲಿನ ಪ್ರಶ್ನೆಗಳಲ್ಲಿ ಸೇರಿತ್ತು. ನಮ್ಮಲ್ಲೂ ಟೀ ಅಂಗಡಿ ಮುಂದೆ ಇದೇ ಮಾತು ನಡೆಯುತ್ತೆ. ಅವರು ಕಾರಣ ಹುಡುಕಿ ತಮ್ಮ ಅಂಗಡಿಗೆ ಪಾಠ ಮಾಡಿಕೊಳ್ಳುತ್ತಿದ್ದರು, ಅಷ್ಟೇ ವ್ಯತ್ಯಾಸ.

ಕೈ ಕೂಡಿಬಂದಾಗ ವರ್ನನ್‌ಗೆ ಅಸಲು, ಬಡ್ಡಿ ಎರಡೂ ಕಟ್ಟಿದ. 1730ರಲ್ಲಿ ಡೆಬೊರಾಳ ಕೈ ಹಿಡಿದ. ಆಕೆ ಅಂಗಡಿಯಲ್ಲಿ ಕೂತಳು, ಅಚ್ಚಾದ ಹಾಳೆ ಮಡಚಿದಳು, ಕಾಗದ ಮಾಡುವವರಿಗಾಗಿ ಹಳೇ ಬಟ್ಟೆ ಖರೀದಿಸಿದಳು. ಅಂಗಡಿ ನಿಂತದ್ದರಲ್ಲಿ ಆಕೆಯ ಪಾಲು ದೊಡ್ಡದು. ಮುಂದೆ ಕಾಯಿಲೆ ಬಿದ್ದಿದ್ದ ಅಣ್ಣನನ್ನು ಹೋಗಿ ಕಂಡ. ಅಣ್ಣ ತೀರಿಕೊಂಡ ಮೇಲೆ ಅವನ ಮಗನನ್ನು ಕರೆತಂದು ಶಾಲೆಗೆ ಕಳಿಸಿ ಕಸುಬು ಕಲಿಸಿದ. ಅಪ್ಪನ ಅಚ್ಚಿನ ಮೊಳೆಗಳು ಸವೆದಿದ್ದವು, ಹುಡುಗನಿಗೆ ಹೊಸ ಮೊಳೆ ಕೊಡಿಸಿದ. ಅಣ್ಣನಿಗೆ ತಪ್ಪಿಸಿದ ದುಡಿಮೆಗೆ ಇದು ಪರಿಹಾರ ಅಂತ ಆತನ ಲೆಕ್ಕ.

ಇಪ್ಪತ್ತೈದರ ಆಸುಪಾಸಿನಲ್ಲಿ ಶುರುವಾದದ್ದು ಆ ಸಣ್ಣ ಪುಸ್ತಕ. ಮಿತವಾಗಿ ತಿನ್ನುವುದು, ಕಡಿಮೆ ಮಾತು, ಅಚ್ಚುಕಟ್ಟು, ಹಿಡಿದದ್ದು ಬಿಡದಿರುವುದು, ಮಿತವ್ಯಯ, ದುಡಿಮೆ, ಪ್ರಾಮಾಣಿಕತೆ ಹೀಗೆ ಹದಿಮೂರು ಗುಣ, ಒಂದೊಂದಕ್ಕೆ ಒಂದು ಪುಟ. ಪುಟದಲ್ಲಿ ಕೆಂಪು ಶಾಯಿಯ ಗೆರೆ, ವಾರದ ಏಳು ದಿನಕ್ಕೆ ಏಳು ಕಾಲಂ, ಹದಿಮೂರು ಗುಣಕ್ಕೆ ಹದಿಮೂರು ಸಾಲು. ದಿನದ ತಪ್ಪು ನೆನೆದು ಆಯಾ ಮನೆಯಲ್ಲಿ ಕಪ್ಪು ಚುಕ್ಕೆ ಇಡುವುದು. ವಾರಕ್ಕೆ ಒಂದೇ ಗುಣದ ಮೇಲೆ ವಿಶೇಷ ನಿಗಾ, ಆ ಸಾಲು ಖಾಲಿ ಇರಬೇಕು. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು. ಬೆಳಿಗ್ಗೆ ಐದಕ್ಕೆ ಎದ್ದು ಇವತ್ತೇನು ಒಳ್ಳೆಯದು ಮಾಡಲಿ ಎಂದು ಕೇಳಿಕೊಳ್ಳುವುದು, ರಾತ್ರಿ ಮಲಗುವ ಮುಂಚೆ ಏನು ಮಾಡಿದೆ ಎಂದು ಕೇಳಿಕೊಳ್ಳುವುದು ಅದರ ದಿನಚರಿ.

ಮೊದಲಿಗೆ ಆತನಿಗೇ ಗಾಬರಿಯಾಯಿತು. ಇಷ್ಟೊಂದು ತಪ್ಪು ತನ್ನಲ್ಲಿವೆ ಅಂತ ಎಣಿಸಿರಲಿಲ್ಲ. ಹಳೇ ಚುಕ್ಕೆ ಕೆರೆದು ಕೆರೆದು ಪುಟಗಳೇ ತೂತುಬಿದ್ದವು. ಕೊನೆಗೆ ಗೆರೆಗಳನ್ನು ದಂತದ ಹಾಳೆಗಳ ಮೇಲೆ ಇಳಿಸಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಒದ್ದೆ ಸ್ಪಂಜಿನಿಂದ ಒರೆಸತೊಡಗಿದ.

ಅತಿ ಹೆಚ್ಚು ಕಾಡಿದ್ದು ಅಚ್ಚುಕಟ್ಟು. ಇದು ಅಂಗಡಿ ಇಟ್ಟವರಿಗೆಲ್ಲ ಅರ್ಥವಾಗುವ ಕಷ್ಟ. ಕೂಲಿ ಕೆಲಸಗಾರ ತನ್ನ ಹೊತ್ತನ್ನು ಗೊತ್ತು ಮಾಡಿಕೊಳ್ಳಬಹುದು. ಯಜಮಾನನಿಗೆ ಹಾಗಲ್ಲ, ಗಿರಾಕಿ ಬಂದಾಗಲೇ ಎದ್ದು ಮಾತಾಡಬೇಕು. ಕಾಗದಪತ್ರ ಜಾಗದಲ್ಲಿಡುವ ಅಭ್ಯಾಸ ಆತನಿಗೆ ಕೊನೆವರೆಗೂ ಬರಲಿಲ್ಲ. ವಿನಯ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ನಿನಗೆ ಜಂಬ ಜಾಸ್ತಿ, ವಾದದಲ್ಲಿ ಎದುರಿನವರನ್ನು ತುಳಿದುಹಾಕ್ತೀಯ ಅಂತ ಗೆಳೆಯನೊಬ್ಬ ಉದಾಹರಣೆ ಸಮೇತ ಹೇಳಿದ ಮೇಲೆ ಹದಿಮೂರನೆಯದಾಗಿ ಸೇರಿತು. ಆಮೇಲೆ ಖಂಡಿತ, ನಿಸ್ಸಂದೇಹ ಎಂಬಂಥ ಮಾತು ಬಿಟ್ಟು, ನನಗೆ ಹಾಗನಿಸುತ್ತೆ ಎಂದು ಹೇಳುವುದನ್ನು ರೂಢಿ ಮಾಡಿಕೊಂಡ. ನಿಜವಾದ ವಿನಯ ಬಂತು ಅಂತ ಹೇಳಿಕೊಳ್ಳಲಿಲ್ಲ, ತೋರಿಕೆಯದ್ದಷ್ಟೇ ಬಂತು ಎಂದು ಒಪ್ಪಿಕೊಂಡ. ಅಷ್ಟಕ್ಕೇ ಜನ ಮಾತು ಕೇಳತೊಡಗಿದ್ದರು. ವರ್ಷ ಕಳೆದಂತೆ ಸುತ್ತುಗಳು ಕಡಿಮೆಯಾಗಿ, ಪ್ರಯಾಣ, ಕೆಲಸದ ನಡುವೆ ನಿಂತೇ ಹೋದವು. ಪುಸ್ತಕ ಮಾತ್ರ ಸದಾ ಜೊತೆಗಿತ್ತು.

ತಿದ್ದಲಾಗದ ತಪ್ಪೂ ಇತ್ತು. 1736ರಲ್ಲಿ ನಾಲ್ಕು ವರ್ಷದ ಮಗ ಫ್ರಾನ್ಸಿಸ್ ಸಿಡುಬಿನಿಂದ ತೀರಿಕೊಂಡ. ಆ ಕಾಲದ ಸಿಡುಬು ಹಾಕಿಸುವ ಪದ್ಧತಿಯನ್ನು ಫ್ರಾಂಕ್ಲಿನ್ ಬೆಂಬಲಿಸುತ್ತಿದ್ದ, ಆದರೆ ಮಗನಿಗೆ ಹಾಕಿಸಿರಲಿಲ್ಲ. ಹಾಕಿಸಿದ್ದರಿಂದಲೇ ಮಗು ಸತ್ತಿತು ಅಂತ ಊರಲ್ಲಿ ಸುದ್ದಿ ಹಬ್ಬಿತು. ಬೇರೆ ತಂದೆತಾಯಿ ಹೆದರಬಾರದೆಂದು, ಹಾಗಲ್ಲ, ಹಾಕಿಸಿರಲೇ ಇಲ್ಲ ಅಂತ ತನ್ನ ಪತ್ರಿಕೆಯಲ್ಲೇ ಅಚ್ಚುಮಾಡಿದ. ಮಗ ಸತ್ತ ಅದೇ ತಿಂಗಳುಗಳಲ್ಲಿ ಆ ಸಾಲಿನ ಮೊಳೆ ಜೋಡಿಸುವುದು ಎಂಥ ಕೆಲಸವಾಗಿದ್ದೀತು, ನೀವೇ ಯೋಚಿಸಿ.

ಪುಸ್ತಕಕ್ಕೆ ಏರದೇ ಹೋದವೂ ಇವೆ. ಮನೆಯಲ್ಲಿ ಗುಲಾಮರಿದ್ದರು, ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಬರುತ್ತಿತ್ತು. ಆ ಹದಿಮೂರು ಸಾಲಿನಲ್ಲಿ ನ್ಯಾಯ ಅಂತಲೂ ಒಂದಿತ್ತು! ಇಳಿವಯಸ್ಸಿನಲ್ಲಿ, 1787ರಲ್ಲಿ, ಗುಲಾಮಗಿರಿ ವಿರುದ್ಧದ ಸಂಘದ ಅಧ್ಯಕ್ಷನಾದ. 1790ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿ ಎಂದು ಸಂಸತ್ತಿಗೆ ಹೋದ ಅರ್ಜಿಗೆ ಸಹಿ ಹಾಕಿದ. ಡೆಬೊರಾ ವಿಷಯದಲ್ಲಿ ಹಳೇ ತಪ್ಪೇ ಮರುಕಳಿಸಿತು. 1764ರಲ್ಲಿ ಮತ್ತೆ ಲಂಡನ್ನಿಗೆ ಹೋದವನು, 1774ರಲ್ಲಿ ಆಕೆ ಸಾಯುವವರೆಗೂ ಬರಲಿಲ್ಲ.

ಇನ್ನು ಹಿರಿಯ ಮಗ ವಿಲಿಯಮ್. 1771ರಲ್ಲಿ ಆತ್ಮಕಥೆ ಶುರುಮಾಡಿದ್ದೇ ಇವನಿಗೆ ಬರೆದ ಕಾಗದದ ಹಾಗೆ. ಸ್ವಾತಂತ್ರ್ಯದ ಯುದ್ಧದಲ್ಲಿ ಅಪ್ಪ ಅಮೆರಿಕದ ಕಡೆ, ಮಗ ಬ್ರಿಟಿಷ್ ರಾಜನ ಕಡೆ. ಯುದ್ಧ ಮುಗಿದ ಮೇಲೆ ಮಗ ರಾಜಿಗೆ ಕಾಗದ ಬರೆದ. 1785ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕೊನೇ ಸಲ ಭೇಟಿಯಾದರು. ನಡೆದದ್ದು ಹೆಚ್ಚಾಗಿ ಜಮೀನು, ಸಾಲದ ವ್ಯವಹಾರ.

1790ರ ಏಪ್ರಿಲ್ 17ರಂದು ಫ್ರಾಂಕ್ಲಿನ್ ತೀರಿಕೊಂಡಾಗ 84 ವರ್ಷ. ಉಯಿಲಿನಲ್ಲಿ ವಿಲಿಯಮ್‌ಗೆ ಬಂದದ್ದು ದೂರದ ನೋವಾ ಸ್ಕೋಷಿಯಾದ ಜಮೀನಿನ ಹಕ್ಕು, ಅವನ ಹತ್ತಿರ ಆಗಲೇ ಇದ್ದ ಪುಸ್ತಕ-ಕಾಗದ, ಮತ್ತೆ ಅಪ್ಪನ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿಗಿದ್ದ ಸಾಲದ ಮನ್ನಾ.