ಬೀಳುತ್ತಲೇ ಸುತ್ತುವ ಚಂದ್ರ: ನ್ಯೂಟನ್ ಅವರ ಕಥೆ



ಮೇಲಕ್ಕೆ ಎಸೆದ ಕಲ್ಲು ಕೆಳಗೆ ಬೀಳುತ್ತೆ. ಹಾಗಾದ್ರೆ ಉಪಗ್ರಹ ಯಾಕೆ ಬೀಳಲ್ಲ? ಅಷ್ಟು ಮೇಲೆ ಭೂಮಿಯ ಸೆಳೆತವೇ ಇರಲ್ಲ ಅಂತ ನಾನು ತಿಳಿದಿದ್ದೆ. ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅದು ತಪ್ಪು ಅಂತ ಹೇಳಿ, ಐಸಾಕ್ ನ್ಯೂಟನ್ ಅವರ ಜೀವನ ಚರಿತ್ರೆ ಓದಲು ಕೊಟ್ಟರು. ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯಲ್ಲಿ. ಆಗ ಅಲ್ಲಿದ್ದ ಕ್ಯಾಲೆಂಡರಿನ ಪ್ರಕಾರ ಅಂದು 1642ರ ಡಿಸೆಂಬರ್ 25. ಹುಟ್ಟುವ ಮೂರು ತಿಂಗಳ ಮೊದಲೇ ತಂದೆ ತೀರಿಕೊಂಡಿದ್ದರು. ಮೂರು ವರ್ಷವಾದಾಗ ತಾಯಿ ಮರುಮದುವೆಯಾಗಿ ಹೋದರು. ಮಗು ಅಜ್ಜಿಯ ಹತ್ತಿರ ಬೆಳೆಯಿತು. ಮುಂದೆ ಹುಡುಗ ಗ್ರ್ಯಾಂಥಮ್ ಊರಿನ ಶಾಲೆಗೆ ಸೇರಿದ. ಆದರೆ ತಾಯಿ ಅವನನ್ನು ಶಾಲೆ ಬಿಡಿಸಿ ಹೊಲ, ಕುರಿ ನೋಡಿಕೊಳ್ಳಲು ಕರೆಸಿಕೊಂಡರು. ಅವನಿಗೆ ಅದರಲ್ಲಿ ಮನಸ್ಸೇ ಇರಲಿಲ್ಲ. ಅವನ ಕುರಿಗಳು ಹೊಲ ಹಾಳು ಮಾಡಿದ್ದಕ್ಕೆ 1659ರಲ್ಲಿ ದಂಡ ಬಿತ್ತು. ಕೊನೆಗೆ ಸೋದರಮಾವ ಮತ್ತು ಶಾಲೆಯ ಮೇಷ್ಟ್ರು ತಾಯಿಗೆ ತಿಳಿಹೇಳಿ ಅವನನ್ನು ಮತ್ತೆ ಶಾಲೆಗೆ ಸೇರಿಸಿದರು. 1661ರಲ್ಲಿ ಅವನು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಹೋದ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೋದ ಬೇಸಿಗೆಯಲ್ಲಿ ನನ್ನನ್ನೂ ಶಾಲೆ ಬಿಡಿಸಿ ಕುರಿ ಕಾಯಲು ಕಳಿಸೋಣ ಅಂತ ಮನೆಯಲ್ಲಿ ಮಾತಾಗಿತ್ತು. ಮೇಷ್ಟ್ರು ಎರಡು ಸಲ ನಮ್ಮ ಮನೆಗೆ ಬಂದು ಮಾತಾಡಿದ ಮೇಲೆ ಅಪ್ಪ ಒಪ್ಪಿದರು.

1665ರಲ್ಲಿ ಪ್ಲೇಗ್ ಬಂದು ಕಾಲೇಜು ಮುಚ್ಚಿತು. ನ್ಯೂಟನ್ ಊರಿಗೆ ಬಂದರು. ಸೇಬು ಬಿದ್ದದ್ದನ್ನು ನೋಡಿ ಅವರಿಗೆ ಯೋಚನೆ ಹತ್ತಿತು. ಹಣ್ಣನ್ನು ಎಳೆಯುವ ಸೆಳೆತ ಚಂದ್ರನವರೆಗೂ ಹೋಗುತ್ತದೆಯೇ? ಭೂಮಿಯ ನಡುವಿನಿಂದ ಚಂದ್ರ ಹಣ್ಣಿಗಿಂತ ಸುಮಾರು 60 ಪಟ್ಟು ದೂರ. ಅಲ್ಲಿ ಸೆಳೆತ 60×60, ಅಂದರೆ 3600 ಪಟ್ಟು ಕಡಿಮೆ. ಹಣ್ಣು ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತದೆ. ಚಂದ್ರ ಒಂದು ಸೆಕೆಂಡಿನಲ್ಲಿ ತನ್ನ ನೇರ ದಾರಿಯಿಂದ ಭೂಮಿಯ ಕಡೆಗೆ ಬೀಳುವುದು ಒಂದೂವರೆ ಮಿಲಿಮೀಟರಿಗಿಂತ ಕಡಿಮೆ. ಲೆಕ್ಕ ಸರಿಹೊಂದುತ್ತದೆ!

ಇದೆಲ್ಲ ಪುಸ್ತಕವಾಗಲು ಸುಮಾರು 20 ವರ್ಷ ಬೇಕಾಯಿತು. 1684ರಲ್ಲಿ ಎಡ್ಮಂಡ್ ಹ್ಯಾಲಿ ಎಂಬ ಖಗೋಳ ವಿಜ್ಞಾನಿ ಬಂದು ಗ್ರಹಗಳ ದಾರಿಯ ಬಗ್ಗೆ ವಿಚಾರಿಸಿದರು, ಬರೆಯಲು ಒತ್ತಾಯ ಮಾಡಿದರು. 1687ರಲ್ಲಿ 'ಪ್ರಿನ್ಸಿಪಿಯಾ' ಗ್ರಂಥ ಹೊರಬಂತು. ಅಚ್ಚಿನ ಖರ್ಚು ಕೊಟ್ಟವರೂ ಹ್ಯಾಲಿ.

ನ್ಯೂಟನ್ ಕೊಟ್ಟ ಒಂದು ಉದಾಹರಣೆ ನನಗೆ ಬಹಳ ಹಿಡಿಸಿತು. ಬಹಳ ಎತ್ತರದ ಬೆಟ್ಟದ ಮೇಲೆ ಫಿರಂಗಿ ಇಟ್ಟು ಗುಂಡು ಹಾರಿಸಿದಿರಿ ಅಂದುಕೊಳ್ಳಿ. ಗಾಳಿಯ ಅಡ್ಡಿ ಇಲ್ಲ. ವೇಗ ಹೆಚ್ಚಿದಷ್ಟೂ ಗುಂಡು ದೂರ ಹೋಗಿ ಬೀಳುತ್ತದೆ. ಆದರೆ ಭೂಮಿ ದುಂಡಗಿದೆಯಲ್ಲ! ಸುಮಾರು 8 ಕಿ.ಮೀ. ಹೋಗುವಷ್ಟರಲ್ಲಿ ನೆಲವೇ 5 ಮೀಟರ್ ಕೆಳಗೆ ಬಾಗಿರುತ್ತದೆ. ಗುಂಡು ಸೆಕೆಂಡಿಗೆ 8 ಕಿ.ಮೀ. ಓಡಿದರೆ ಅದು ಬಿದ್ದಷ್ಟೇ ನೆಲವೂ ಬಾಗುತ್ತದೆ. ಹೀಗೆ ಬೀಳುತ್ತಲೇ ಇದ್ದರೂ ನೆಲ ಮುಟ್ಟದೆ ಭೂಮಿಯನ್ನು ಸುತ್ತುತ್ತದೆ. ಉಪಗ್ರಹದ ಗುಟ್ಟು ಇಷ್ಟೇ. 400 ಕಿ.ಮೀ. ಎತ್ತರದಲ್ಲೂ ಭೂಮಿಯ ಸೆಳೆತ ನೂರಕ್ಕೆ ಸುಮಾರು 90ರಷ್ಟು ಇದ್ದೇ ಇರುತ್ತದೆ. ಅದು ಇಲ್ಲದಿದ್ದರೆ, ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ ಉಪಗ್ರಹ ನೇರವಾಗಿ ಹಾರಿ ಹೋಗುತ್ತಿತ್ತು.

ನ್ಯೂಟನ್ 1727ರಲ್ಲಿ ತೀರಿಕೊಂಡರು. 1957ರಲ್ಲಿ ರಷ್ಯಾದವರು ಸ್ಪುಟ್ನಿಕ್ ಹಾರಿಸಿದರು. ನಮ್ಮ ಬೆಂಗಳೂರಿನಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಭೂಮಿಯನ್ನು ಸುತ್ತತೊಡಗಿತು. ಎರಡೂ ನ್ಯೂಟನ್ ಹೇಳಿದ ಗುಂಡಿನಂತೆಯೇ ಸುತ್ತಿದವು.

ಗೆಳೆಯ ಗೆಳತಿಯರೇ, ಅಂದು ಆ ಮೇಷ್ಟ್ರು ಸುಮ್ಮನಿದ್ದಿದ್ದರೆ ನ್ಯೂಟನ್ ಕುರಿಗಳ ಹಿಂದೆಯೇ ಇರುತ್ತಿದ್ದರೇನೋ. ನಿಮ್ಮ ಮನೆಯಲ್ಲೂ ಶಾಲೆ ಬಿಡಿಸುವ ಮಾತು ಬಂದರೆ ಅಳುತ್ತಾ ಕೂರಬೇಡಿ. ಬಂದು ನಮ್ಮ ಮೇಷ್ಟ್ರಿಗೆ ಹೇಳಿ.

– 9ನೇ ತರಗತಿಯ ವಿದ್ಯಾರ್ಥಿನಿ