ರಾಣಿ ಗೌರೀ ಪಾರ್ವತೀಬಾಯಿ

ಕೊಚ್ಚಿ, ತಿರುವನಂತಪುರಗಳಲ್ಲಿ ದುಡಿಯುವ ನಮ್ಮವರಲ್ಲಿ ತುಳುನಾಡಿನಿಂದ ಬಂದವರು ಬಹುಮಂದಿ. ಅಳಿಯಸಂತಾನವೆಂದರೇನೆಂದು ಅವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಹಿಂದೆ ಇದ್ದ ಮರುಮಕ್ಕತ್ತಾಯವೂ ಅದೇ ಬಗೆಯದಾಗಿತ್ತು. ದೂರದ ಉತ್ತರ ಅಮೆರಿಕೆಯ ಮೂಲನಿವಾಸಿಗಳಾದ ಇರೊಕ್ವಾ ಜನರಲ್ಲಿಯೂ ಮಕ್ಕಳು ತಾಯಿಯ ಬಳಿಗೆ ಸೇರಿದವರು. ಮೊದಲು ಐದು, ಆಮೇಲೆ ಆರು ಪಂಗಡಗಳಾದ ಅವರ ಒಕ್ಕೂಟದಲ್ಲಿ ನಾಯಕರನ್ನು ಆರಿಸುವ, ತಪ್ಪಿ ನಡೆದರೆ ಇಳಿಸುವ ಅಧಿಕಾರವು ಬಳಿಯ ಹಿರಿಯ ಸ್ತ್ರೀಯರದು. ತಾಯಿಯ ಕಡೆಯಿಂದ ಹಕ್ಕು ಬರುವ ಇಂತಹ ಪದ್ಧತಿಯೇ ತಿರುವಾಂಕೂರಿಗೆ ಗೌರೀ ಪಾರ್ವತೀಬಾಯಿಯವರನ್ನು ಕೊಟ್ಟಿತು.

ಅವರು ಹುಟ್ಟಿದುದು 1802ರಲ್ಲಿ. ಅಕ್ಕ ಗೌರೀ ಲಕ್ಷ್ಮೀಬಾಯಿಯವರು 1810ರಿಂದ ರಾಜ್ಯವಾಳಿ, 1812ರಲ್ಲಿ ಗುಲಾಮರ ಕ್ರಯವಿಕ್ರಯವನ್ನು ಬಹುಮಟ್ಟಿಗೆ ನಿಷೇಧಿಸಿದ್ದರು. 1815ರಲ್ಲಿ ಅಕ್ಕ ತೀರಿಕೊಂಡಾಗ, 1813ರಲ್ಲಿ ಜನಿಸಿದ ಉತ್ತರಾಧಿಕಾರಿ ಸ್ವಾತಿ ತಿರುನಾಳ್ ಇನ್ನೂ ಹಸುಗೂಸು. ಹದಿಮೂರರ ಹರೆಯದ ಚಿಕ್ಕಮ್ಮನ ಹೆಗಲಿಗೆ ಮಗುವಿನ ಭಾರವೂ ರಾಜ್ಯದ ಭಾರವೂ ಒಟ್ಟಿಗೇ ಬಿದ್ದವು.

1817ರಲ್ಲಿ ಅವರು ಹೊರಡಿಸಿದ ನಿರೂಪವು ಚಿರಸ್ಮರಣೀಯವಾದುದು. ಪ್ರಜೆಗಳ ವಿದ್ಯಾಭ್ಯಾಸದ ವೆಚ್ಚವನ್ನು ಸರಕಾರವೇ ಭರಿಸತಕ್ಕದ್ದು, ವಿದ್ಯೆಯಿಂದ ಅವರು ಉತ್ತಮ ಪ್ರಜೆಗಳೂ ಉತ್ತಮ ನೌಕರರೂ ಆಗುವರೆಂಬುದು ಅದರ ತಾತ್ಪರ್ಯ. ಜಾತಿಭೇದವಿಲ್ಲದೆ ಯಾರೂ ಮನೆಗೆ ಹಂಚು ಹೊದಿಸಬಹುದೆಂದು ಅಪ್ಪಣೆಯಾದುದೂ ಅವರ ಕಾಲದಲ್ಲಿಯೇ.

ಆದರೆ ನಿರೂಪ ಹೊರಟ ಮಾತ್ರಕ್ಕೆ ಶಾಲೆಯ ಬಾಗಿಲು ಎಲ್ಲರಿಗೂ ತೆರೆಯಲಿಲ್ಲವೆಂಬುದನ್ನು ನಾವು ಮರೆಯಲಾಗದು. ದಲಿತರ ಮಕ್ಕಳನ್ನು ಶಾಲೆಗೆ ಸೇರಿಸುವುದಕ್ಕಾಗಿ ಅಯ್ಯಂಕಾಳಿಯವರು ಇಪ್ಪತ್ತನೆಯ ಶತಮಾನದಲ್ಲಿಯೂ ಹೋರಾಡಬೇಕಾಯಿತು.

1829ರಲ್ಲಿ ಸ್ವಾತಿ ತಿರುನಾಳರು ಪ್ರಾಯಕ್ಕೆ ಬರಲು, ರಾಣಿಯವರು ಅಧಿಕಾರವನ್ನು ಅವರಿಗೊಪ್ಪಿಸಿ ಹಿಂದೆ ಸರಿದರು. ಅವರು ಸಾಕಿದ ಆ ಬಾಲಕನೇ ಮುಂದೆ ಸಂಗೀತಲೋಕದಲ್ಲಿ ಹೆಸರಾಗಿ ನಮ್ಮ ಕನ್ನಡದಲ್ಲಿಯೂ ಕೃತಿ ರಚಿಸಿದನು. 1834ರಲ್ಲಿ ತಿರುವನಂತಪುರದಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದನು. ರಾಣಿಯವರು 1853ರಲ್ಲಿ ಕಾಲವಾದರು.

ಊರಿಂದ ಬಂದ ಕಾಗದವನ್ನು ಗಲ್ಲಾದ ಬಳಿ ತಂದು, ಓದಿ ಹೇಳಿರೆಂದು ಸಂಕೋಚದಿಂದ ನಿಲ್ಲುತ್ತಿದ್ದ ಹುಡುಗರನ್ನು ನಾವು ಕಂಡಿರುವೆವು. ತಾಯಿಯ ಕಷ್ಟಸುಖವನ್ನು ಪರರ ಬಾಯಿಂದ ಕೇಳಬೇಕಾದವನ ದುಃಖವು ಸಣ್ಣದಲ್ಲ. ಹೋಟೆಲುಗಳ ಯಜಮಾನರು ತಮ್ಮಲ್ಲಿ ಓದು ಬಾರದ ಕೆಲಸಗಾರನೊಬ್ಬನಿದ್ದರೂ ದಿನಕ್ಕೆ ಒಂದು ಗಂಟೆಯ ಬಿಡುವನ್ನು ಅವನಿಗೆ ಕೊಡಲಿ. ಗುಮಾಸ್ತ ಬಂಧುಗಳು ಅವನಿಗೆ ಅಕ್ಷರ ಕಲಿಸಲಿ. ಆ ರಾಣಿಯ ಸ್ಮರಣೆಗೆ ಇದಕ್ಕಿಂತ ಯೋಗ್ಯವಾದ ಕಾರ್ಯವು ನಮಗೆ ತೋರುವುದಿಲ್ಲ.